ಬಡವರ ಮನೆಗೂ ಒಳ್ಳೆಯ ದನಿ

ಮನೆಗೆ ಬೇಕಾದ ಸಾಮಾನುಗಳ ಪಟ್ಟಿ ಬರೆಯುವಾಗ ಹಾಡು ಕೇಳುವ ಸಲಕರಣೆಗೆ ಯಾವಾಗಲೂ ಕೊನೆಯ ಸ್ಥಾನ. ಕಾಳುಕಡಿ, ಮಕ್ಕಳ ಪುಸ್ತಕ, ಹಿರಿಯರ ಔಷಧ, ಬಾವಿಯ ಪಂಪಿನ ದುರಸ್ತಿ ಇವೆಲ್ಲ ತೀರಿದ ಮೇಲೆ ಏನಾದರೂ ಉಳಿದರೆ ರೇಡಿಯೋ. ಉಳಿಯದಿದ್ದರೆ ಅದೂ ಇಲ್ಲ. ಇದು ನ್ಯಾಯವೇ ಸರಿ. ಆದರೆ ಭಾಷೆಯ ಗಡಿಯಲ್ಲಿ ಬಾಳುವವರ ಮನೆಗಳಲ್ಲಿ ಈ ಸಲಕರಣೆಯನ್ನು ಬರಿಯ ವಿಲಾಸದ ವಸ್ತುವೆಂದು ತಳ್ಳಿಹಾಕುವಂತಿಲ್ಲ. ಶಾಲೆ ಕಣ್ಣಿಗೆ ಅಕ್ಷರ ಕಲಿಸುತ್ತದೆ; ಕಿವಿಗೆ ನುಡಿಯನ್ನು ಕಲಿಸುವುದು ಮನೆ. ಕಾಸರಗೋಡಿನ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಒಂದು ಕಡೆ ವಿಜಯಪುರ ಜಿಲ್ಲೆ, ಇನ್ನೊಂದು ಕಡೆ ಬೆಳಗಾವಿ ಜಿಲ್ಲೆಯ ಅಥಣಿ ಸೀಮೆ. ಹಿಂದೆ ಇದೊಂದು ಸಣ್ಣ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಿಮ್ಮ ಸೀಮೆ ಕೇರಳಕ್ಕೆ ಸಂದಾಗ ನಮ್ಮದು ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಹೊಲದ ಮಾತು, ಜಾತ್ರೆಯ ಮಾತು ಕನ್ನಡ. ಕಚೇರಿಯ ಕಾಗದ, ಬಸ್ಸಿನ ಫಲಕ ಮರಾಠಿ. ಕನ್ನಡ ಶಾಲೆಗಳೂ ಇವೆ. ಅಂಥ ಶಾಲೆಯೊಂದರ ಉಪಾಧ್ಯಾಯರಾದ ನಾವು, ನಮ್ಮ ಮನೆಯಲ್ಲಿ ನಾಲ್ಕು ದಶಕಗಳಲ್ಲಿ ಕಡಿಮೆ ಖರ್ಚಿನಲ್ಲಿ ಧ್ವನಿವ್ಯವಸ್ಥೆಯೊಂದು ಹೇಗೆ ತುಂಡುತುಂಡಾಗಿ ಕೂಡಿಬಂತೆಂಬುದನ್ನು ಇಲ್ಲಿ ಹೇಳುತ್ತಿದ್ದೇವೆ. ಯಾರಿಗಾದರೂ ಉಪಯೋಗವಾದೀತು.

ಮೊದಲ ಮೆಟ್ಟಿಲು

ನಮ್ಮ ತಂದೆಯವರು ತಂದ ಎರಡು ಬ್ಯಾಂಡಿನ ಟ್ರಾನ್ಸಿಸ್ಟರೇ ಮನೆಯ ಮೊದಲ ಸಲಕರಣೆ. ಸಾಂಗಲಿ ಆಕಾಶವಾಣಿ 1963ರಲ್ಲಿ ಆರಂಭವಾಗಿತ್ತು. ಅದು ಮರಾಠಿ ನಿಲಯ. ಕನ್ನಡಕ್ಕೆ ನಾವು ಧಾರವಾಡಕ್ಕೆ ಕಿವಿಗೊಡುತ್ತಿದ್ದೆವು. 1950ರ ಜನವರಿಯಲ್ಲಿ ಶುರುವಾದ ಆ ನಿಲಯ ಮಧ್ಯಮ ತರಂಗದಲ್ಲಿ 765 ಕಿಲೋಹರ್ಟ್ಸಿನಲ್ಲಿ ಸಿಗುತ್ತಿತ್ತು. ನಿಮಗೆ 1976ರಲ್ಲಿ ಬಂದ ಮಂಗಳೂರು ನಿಲಯ ಹೇಗೋ ನಮಗೆ ಧಾರವಾಡ ಹಾಗೆ. ನಮ್ಮ ಹಳ್ಳಿಯ ಹುಡುಗರು ‘ಳ’ಕಾರ ‘ಲ’ಕಾರಗಳನ್ನು ಬೇರ್ಪಡಿಸಿ ಆಡಲು ಕಲಿತದ್ದರಲ್ಲಿ ಪಠ್ಯಪುಸ್ತಕದಷ್ಟೇ ಪಾಲು ಆ ವಾರ್ತಾವಾಚಕರದ್ದೂ ಇದೆ.

ಆ ಪೆಟ್ಟಿಗೆಯೇ ನಮಗೆ ಮೊದಲ ಪಾಠ ಹೇಳಿತು. ರೇಡಿಯೋದ ಒಳಗೆ ಕಪ್ಪು ಫೆರೈಟ್ ಕಡ್ಡಿಯ ಮೇಲೆ ತಂತಿ ಸುತ್ತಿರುತ್ತಾರಷ್ಟೆ? ಅದೇ ಮಧ್ಯಮ ತರಂಗದ ಏರಿಯಲ್. ಕಡ್ಡಿಯ ತುದಿ ನಿಲಯದತ್ತ ಇದ್ದರೆ ದನಿ ಸೊರಗುತ್ತದೆ. ಕಡ್ಡಿ ಅಡ್ಡಲಾಗಿ ನಿಂತರೆ ತುಂಬಿ ಬರುತ್ತದೆ. ಹೊಸ ರೇಡಿಯೋ ಕೊಳ್ಳುವುದಕ್ಕಿಂತ ಮೊದಲು ಇರುವುದನ್ನು ಕಾಲು ಸುತ್ತು ತಿರುಗಿಸಿ ನೋಡುವುದು ಲೇಸು. ದುಡ್ಡಿಲ್ಲದೆ ಆಗುವ ಸುಧಾರಣೆಯನ್ನು ಮೊದಲು ಮಾಡಬೇಕು. ಮುಂದೆಯೂ ಈ ಸೂತ್ರವನ್ನು ನಾವು ಬಿಡಲಿಲ್ಲ.

ಮಿರಜದ ಸೋರೆಬುರುಡೆ

ಎರಡನೆಯ ಪಾಠ ನಮ್ಮ ಜಿಲ್ಲೆಯ ಮಿರಜದಲ್ಲೇ ಇದೆ. ಅಲ್ಲಿನ ಕುಶಲಕರ್ಮಿಗಳು 19ನೆಯ ಶತಮಾನದಿಂದ ಸಿತಾರ, ತಂಬೂರಿಗಳನ್ನು ಮಾಡುತ್ತ ಬಂದಿದ್ದಾರೆ. ಅವುಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ತಂಬೂರಿಯ ತಂತಿಯೊಂದನ್ನೇ ಎರಡು ಗೂಟಗಳ ನಡುವೆ ಬಿಗಿದು ಮೀಟಿದರೆ ಪಕ್ಕದವನಿಗೂ ಕೇಳಿಸದು. ಅದೇ ತಂತಿಯನ್ನು ಒಣಗಿದ ಸೋರೆಬುರುಡೆಯ ಮೇಲೆ ಹೂಡಿದರೆ ಸಭೆ ತುಂಬುತ್ತದೆ. ತಂತಿಗೆ ಹಾಡುವ ಶಕ್ತಿ ಬಂದದ್ದು ಬುರುಡೆಯಿಂದ.

ಧ್ವನಿವರ್ಧಕದ ಮಾತೂ ಹೆಚ್ಚುಕಡಿಮೆ ಇದೇ, ಕಾರಣ ಸ್ವಲ್ಪ ಬೇರೆ. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಸಡಿಲುತ್ತದೆ. ಬರಿಯ ಸ್ಪೀಕರಾದರೆ ಈ ಎರಡೂ ಅಲೆಗಳು ಅಂಚು ದಾಟಿ ಸೇರಿ ಒಂದನ್ನೊಂದು ಕೊಲ್ಲುತ್ತವೆ; ಡೊಳ್ಳಿನ ಗುಂಭವೆಲ್ಲ ಮಾಯವಾಗಿ ತಗಡಿನ ಸದ್ದು ಉಳಿಯುತ್ತದೆ. ಹಿಂದಿನ ಅಲೆಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ಮಂದ್ರ ಮರಳುತ್ತದೆ. ನಮ್ಮ ಹಳ್ಳಿಗಳಲ್ಲಿ ಸ್ಪೀಕರನ್ನು ನೀರಿನ ಮಡಕೆಯ ಬಾಯಿಗೆ ಕವುಚಿ ಕಟ್ಟುವ ರೂಢಿ ಇತ್ತು. ಪೇಟೆಯವರು ಅದನ್ನು ಕಂಡು ನಗುತ್ತಿದ್ದರು. ನಗುವುದಕ್ಕೇನಿದೆ? ಮಡಕೆಯೂ ಒಂದು ಪೆಟ್ಟಿಗೆಯೇ.

ಕೋಣೆಯಿಂದ ಸಂಸಾರಕ್ಕೆ

ಟಿ.ಸಿ.ಎಚ್. ಓದಲು ನಾವು ಆಗಿನ ಬಿಜಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಾಗ ಕೈಯಲ್ಲಿದ್ದುದು ಹಳೆಯ ಕ್ಯಾಸೆಟ್ ಯಂತ್ರವೊಂದೇ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಧ್ವನಿಸುರುಳಿ 1980ರ ದಶಕದಲ್ಲಿ ನಮ್ಮ ದೇಶದಲ್ಲಿ ಅಗ್ಗವಾಗಿ, ಹಾಡಿನ ಲೋಕವನ್ನೇ ಬದಲಿಸಿತು. ಅದುವರೆಗೆ ದೊಡ್ಡ ಕಂಪನಿಗಳು ತಟ್ಟೆಯಲ್ಲಿ ಅಚ್ಚು ಹಾಕಿದ್ದನ್ನು ಮಾತ್ರ ಕೇಳಬೇಕಿತ್ತು. ಈಗ ಡೊಳ್ಳಿನ ಪದ, ಗೀಗೀ ಪದ, ಶ್ರೀಕೃಷ್ಣ ಪಾರಿಜಾತ ಎಲ್ಲವೂ ಜಾತ್ರೆಯ ಅಂಗಡಿಯಲ್ಲಿ ಸಿಗತೊಡಗಿದವು. ಅದಕ್ಕಿಂತ ಮುಖ್ಯವಾಗಿ, ಮನೆಯವರೇ ಹಾಡಿ ಮುದ್ರಿಸಿಕೊಳ್ಳಬಹುದಾಯಿತು.

ನೌಕರಿ ಸಿಕ್ಕಿ ಮದುವೆಯಾದ ಮೇಲೆ ಯಂತ್ರವನ್ನು ಬದಲಿಸುವ ಆಸೆ ಹುಟ್ಟಿತು. ಹೊಸ ಸ್ಟೀರಿಯೋಗೆ ಹಣ ಸಾಲದು. ಊರಿನ ರೇಡಿಯೋ ರಿಪೇರಿಯವರು ಬೇರೆ ದಾರಿ ತೋರಿಸಿದರು. 4440 ಎಂಬ ಅಂಕಿಯಿಂದ ಮೆಕ್ಯಾನಿಕರೆಲ್ಲ ಬಲ್ಲ ಜಪಾನಿ ಚಿಪ್ಪೊಂದಿದೆ. 12 ವೋಲ್ಟಿನ ಆಸುಪಾಸಿನಲ್ಲಿ ಎರಡು ಕಡೆಗೂ ಸುಮಾರು 6 ವ್ಯಾಟಿನಷ್ಟು ಶಕ್ತಿ ಕೊಡುತ್ತದೆ. ಅದರ ಫಲಕ, ಒಂದು ಟ್ರಾನ್ಸ್‌ಫಾರ್ಮರು, ಎರಡು ಸ್ಪೀಕರು, ಬಡಗಿಯಿಂದ ಮಾಡಿಸಿದ ಎರಡು ಪ್ಲೈವುಡ್ ಪೆಟ್ಟಿಗೆ: ಇಷ್ಟೇ ನಮ್ಮ ಆಸ್ತಿ. ಹಳೆಯ ಕ್ಯಾಸೆಟ್ ಯಂತ್ರದ ಇಯರ್‌ಫೋನ್ ತೂತಿನಿಂದ ತಂತಿ ಎಳೆದು ಇದಕ್ಕೆ ಸೇರಿಸಿದೆವು. 12 ವೋಲ್ಟಿನಿಂದ ಇನ್ನೊಂದು ಲಾಭವೂ ಆಯಿತು. 2005ರ ನಂತರದ ವರ್ಷಗಳಲ್ಲಿ ಮಹಾರಾಷ್ಟ್ರದ ಹಳ್ಳಿಗಳಲ್ಲಿ ದಿನಕ್ಕೆ ಹತ್ತಾರು ತಾಸು ಕರೆಂಟು ಹೋಗುತ್ತಿದ್ದ ಕಾಲದಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ನಮ್ಮ ಮನೆಯಲ್ಲಿ ವಚನಗಾಯನ ಕೇಳುತ್ತಿತ್ತು.

ಇಲ್ಲಿ ಹೊಸಬರಿಗೊಂದು ಸೂಚನೆ. ಎರಡು ಸ್ಪೀಕರುಗಳಲ್ಲಿ ಒಂದರ ತಂತಿ ಅದಲುಬದಲಾದರೆ ಒಂದು ಮುಂದಕ್ಕೆ ಸರಿಯುವಾಗ ಇನ್ನೊಂದು ಹಿಂದಕ್ಕೆ ಸರಿದು ಮಂದ್ರ ಅಳಿಯುತ್ತದೆ. ಪರೀಕ್ಷೆ ಸುಲಭ: ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿಗೆ ಕ್ಷಣಮಾತ್ರ ಮುಟ್ಟಿಸಿ. ಶಂಕು ಹೊರಕ್ಕೆ ಬಂದರೆ ಸೆಲ್ಲಿನ ಧನ ತುದಿ ಮುಟ್ಟಿದ್ದೇ ಸ್ಪೀಕರಿನ ಧನ ತುದಿ.

ವ್ಯಾಟಿನ ಜಂಬ

ಪೇಟೆಯಲ್ಲಿ ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟು ಎಂದು ಬರೆದು ಪಕ್ಕದಲ್ಲಿ ಪಿ.ಎಂ.ಪಿ.ಓ. ಎಂದು ಸಣ್ಣಗೆ ಅಚ್ಚಾದುದನ್ನು ನೀವೂ ನೋಡಿರಬಹುದು. ಆ ಅಂಕಿ ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ. ಎಡೆಬಿಡದೆ ದೊರೆಯುವ ಶಕ್ತಿಯನ್ನು ಹೇಳುವುದು ಆರ್.ಎಂ.ಎಸ್. ಎಂಬ ಲೆಕ್ಕ, ಕೇಳಬೇಕಾದದ್ದು ಅದನ್ನೇ. ಇನ್ನೊಂದು ಸಂಗತಿ. ವ್ಯಾಟು ಎರಡರಷ್ಟಾದರೆ ದನಿ ಎರಡರಷ್ಟಾಗುವುದಿಲ್ಲ; 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಹತ್ತರಷ್ಟು ವ್ಯಾಟು ಬೇಕು. ಆದುದರಿಂದ ಸಾಮಾನ್ಯ ಕೋಣೆಗೆ 6 ವ್ಯಾಟು, 10 ವ್ಯಾಟು ಬೇಕಾದಷ್ಟಾಯಿತು. ಮಿಕ್ಕ ಹಣ ಒಳ್ಳೆಯ ಸ್ಪೀಕರಿಗೂ ಗಟ್ಟಿ ಪೆಟ್ಟಿಗೆಗೂ ಸಲ್ಲಲಿ.

ಮನೆ ಬದಲಾದರೆ ದನಿಯೂ ಬದಲು

ನಮ್ಮ ಹಳೆಯದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಅಲ್ಲಿ ದನಿ ಮೆತ್ತಗೆ ಹರಡುತ್ತಿತ್ತು. ಸಿಮೆಂಟಿನ ಮನೆಗೆ ಬಂದ ದಿನ ಅದೇ ಪೆಟ್ಟಿಗೆ ಅದೇ ಸುರುಳಿ, ಆದರೆ ಮಾತೆಲ್ಲ ಗದ್ದಲ. ನುಣುಪು ಗೋಡೆಗೆ ಬಡಿದು ಮರಳುವ ಸದ್ದು ಮಾತಿನ ಮೇಲೆ ಮಾತು ಹೇರುತ್ತಿತ್ತು. ಸ್ಪೀಕರಿನ ಎದುರುಗೋಡೆಗೆ ಮನೆಯಲ್ಲಿದ್ದ ಕೌದಿಯೊಂದನ್ನು ತೂಗುಹಾಕಿದೆವು, ವ್ಯಂಜನಗಳು ಸ್ಪಷ್ಟವಾದವು. ಖರ್ಚು ಎರಡು ಮೊಳೆ.

ಮಕ್ಕಳ ಪರೀಕ್ಷೆಯ ವರ್ಷಗಳಲ್ಲಿ ದನಿ ತಗ್ಗಿತು. ಆಮೇಲೆ ತಂದೆಯವರ ಕಿವಿ ಮಂದವಾಯಿತು. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಸ್ವರಗಳು. ‘ಸ’, ‘ಶ’, ‘ತ’ಗಳ ವ್ಯತ್ಯಾಸ ಅಳಿಯುತ್ತದೆ. ಗುಂಡಿ ತಿರುಗಿಸಿ ಗದ್ದಲ ಹೆಚ್ಚಿಸಿದರೆ ಅವರಿಗೂ ಸುಖವಿಲ್ಲ, ಮನೆಯವರಿಗೂ ಇಲ್ಲ. ಒಂದು ಪೆಟ್ಟಿಗೆಯನ್ನು ಅವರ ಹಾಸಿಗೆಯ ಬಳಿ ಕಿವಿಯ ಎತ್ತರಕ್ಕೆ ಇಟ್ಟು, ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿದೆವು. ಅವರು ವಾರ್ತೆಗೆ ಮರಳಿದರು.

ಈ ನಡುವೆ ದನಿಯ ಮೂಲ ನಾಲ್ಕು ಸಲ ಬದಲಾಯಿತು. ಸುರುಳಿ ಹೋಗಿ ಸಿ.ಡಿ., ಅದು ಹೋಗಿ ಒಂದೇ ತಟ್ಟೆಯಲ್ಲಿ ಹತ್ತಕ್ಕೂ ಹೆಚ್ಚು ತಾಸು ಹಿಡಿಸುವ ಎಂ.ಪಿ.ತ್ರೀ, ಅದು ಹೋಗಿ ಪೆನ್‌ಡ್ರೈವ್, ಈಗ ಮೊಬೈಲು. ಪ್ರತಿಸಲವೂ ನಾವು ಬದಲಿಸಿದ್ದು ಮೂಲವನ್ನು ಮಾತ್ರ. ಈಗಿನ ಬ್ಲೂಟೂತ್ ಫಲಕವನ್ನು ಕೆಲವು ನೂರು ರೂಪಾಯಿಗೆ ತಂದು ಹಳೆಯ ಆಂಪ್ಲಿಫೈಯರಿಗೆ ಬೆಸೆದರೆ ತೀರಿತು. ಪೆಟ್ಟಿಗೆಗಳು ಅವೇ ಇವೆ. ಒಮ್ಮೆ ಸ್ಪೀಕರಿನ ಅಂಚಿನ ಕಾಗದ ಹರಿದಾಗ ಹೊಸದಾಗಿ ಅಂಟಿಸಿದ್ದುಂಟು. ಮೂಲ ಹಳತಾಗುತ್ತದೆ, ಪೆಟ್ಟಿಗೆ ಬಾಳುತ್ತದೆ. ಆದುದರಿಂದ ಬಡವರು ಮೊದಲು ಪೆಟ್ಟಿಗೆಗೆ ಹಣ ಹಾಕಬೇಕು.

ಕಳೆದುಹೋಗುತ್ತಿರುವುದು

ಹಾಗಾದರೆ ಹಳೆಯ ಮೂಲಗಳನ್ನೆಲ್ಲ ಗುಜರಿಗೆ ಹಾಕಬಹುದೇ? ಒಂದನ್ನು ಬಿಟ್ಟು. ಕ್ಯಾಸೆಟ್ ಯಂತ್ರವನ್ನು ದಯವಿಟ್ಟು ಉಳಿಸಿಕೊಳ್ಳಿ.

ನಮ್ಮ ಅಜ್ಜಿ ಬೀಸುವ ಪದಗಳನ್ನು ಹಾಡಿದ ಎರಡು ಸುರುಳಿಗಳು ನಮ್ಮಲ್ಲಿವೆ. ಬೀಸುವ ಕಲ್ಲಿನ ಸದ್ದೂ ಅದರಲ್ಲಿದೆ. ಅಜ್ಜಿ ಇಲ್ಲ, ಕಲ್ಲು ಹಿತ್ತಲಲ್ಲಿ ಬಿದ್ದಿದೆ, ಆ ಪದಗಳನ್ನು ಬಲ್ಲವರು ನಮ್ಮ ಓಣಿಯಲ್ಲಿ ಯಾರೂ ಉಳಿದಿಲ್ಲ. ಹಾಡಿನ ಅಂಗಡಿಯಲ್ಲಿ ಸಿಗದ, ಮೊಬೈಲಿನಲ್ಲಿ ಹುಡುಕಿದರೂ ಸಿಗದ ಕನ್ನಡ ಅದು. ಇಂಥ ಸುರುಳಿಗಳು ಗಡಿನಾಡಿನ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇರಲೇಬೇಕು. ನಿಮ್ಮಲ್ಲಿ ಯಕ್ಷಗಾನ ತಾಳಮದ್ದಲೆ ಇರಬಹುದು, ಪಾಡ್ದನ ಇರಬಹುದು. ನಮ್ಮ ಕಡೆ ಅವುಗಳಿಗೆ ಧೂಳು ಶತ್ರು. ನಿಮ್ಮ ಮಳೆಗಾಲದಲ್ಲಿ ಬೂಷ್ಟು. ಸ್ಪೀಕರಿನ ಅಯಸ್ಕಾಂತದ ಹತ್ತಿರ ಇಟ್ಟರೆ ಎರಡೂ ಕಡೆ ಕೇಡು.

ಉಳಿಸುವ ಕೆಲಸ ಕಷ್ಟವಲ್ಲ. ಸುರುಳಿಯ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ಅದರ ಮೇಲೆ ಬೇರೇನೂ ಮುದ್ರಣವಾಗದು. ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಸುರುಳಿಯನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಬೇಕು. ಆಮೇಲೆ ಯಂತ್ರದಿಂದ ಕಂಪ್ಯೂಟರಿನ ಲೈನ್ ತೂತಿಗೆ ತಂತಿ ಕೊಟ್ಟು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಬಹುದು. ಕುಗ್ಗಿಸದ ರೂಪದಲ್ಲಿ ಸ್ಟೀರಿಯೋ ದನಿಗೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು, ಒಂದು ತಾಸಿನ ಸುರುಳಿಗೆ 600 ಎಂ.ಬಿ. ಇಂದಿನ ಸಣ್ಣ ಪೆನ್‌ಡ್ರೈವಿಗೂ ಅದು ಭಾರವಲ್ಲ. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿ ಇಡಬೇಕು. ಹಾಡಿದವರ ಹೆಸರು, ಊರು, ವರ್ಷಗಳನ್ನು ಬರೆದಿಡುವುದನ್ನು ಮರೆಯಬಾರದು. ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿದೆವು. ಈಗ ಅವರೇ ಮನೆಯ ಟ್ರಂಕುಗಳನ್ನು ತೆರೆಯುತ್ತಿದ್ದಾರೆ.

ಕಿವಿಗೆ ಬಿದ್ದ ಒಂದು ದನಿ ಏನು ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರ ಠುಮರಿಯ ತಟ್ಟೆಯನ್ನು ಕೇಳಿದ ಗದಗಿನ ಹುಡುಗನೊಬ್ಬ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಅವರೇ ಮುಂದೆ ಪಂಡಿತ ಭೀಮಸೇನ ಜೋಶಿ. ಎಲ್ಲ ಮಕ್ಕಳೂ ಭೀಮಸೇನರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತಮ್ಮ ಮುತ್ತಜ್ಜಿ ಯಾವ ಮಾತಿನಲ್ಲಿ ಹಾಡಿದಳೆಂದು ಅವರಿಗೆ ತಿಳಿದಿದ್ದರೆ ಸಾಕು. ಅದಕ್ಕೆ ಆರು ವ್ಯಾಟು, ಎರಡು ಮರದ ಪೆಟ್ಟಿಗೆ, ಓಡುವ ಒಂದು ಕ್ಯಾಸೆಟ್ ಯಂತ್ರ ಇಷ್ಟಿದ್ದರೆ ಯಥೇಷ್ಟ. ಈ ರಜೆಯಲ್ಲಿ ಟ್ರಂಕು ತೆರೆಯಿರಿ.