ಮಳೆಕಾಡಿನ ಶಿಬಿರದಲ್ಲಿ ಸ್ವಯಂಸೇವೆ: ಉತ್ಸಾಹಕ್ಕಿಂತ ಸಂಯಮ ಮುಖ್ಯ

ಜನ್ನಾಪುರ (ಭದ್ರಾವತಿ): ಮುಂಗಾರು ಕಾಲಿಡುತ್ತಿದ್ದಂತೆ ಭದ್ರಾವತಿ, ಶಿವಮೊಗ್ಗದ ಯುವಜನರ ಚಿತ್ತ ಘಟ್ಟದತ್ತ ಹರಿಯುವುದು ವಾಡಿಕೆ. ಜಲಪಾತ ನೋಡಿ ಸಂಜೆಗೆ ಮರಳುವವರೇ ಬಹುಪಾಲು. ಆದರೆ ಕಾಡಿನಂಚಿನ ಶಿಬಿರದಲ್ಲಿ ವಾರಗಟ್ಟಲೆ ತಂಗಿ, ಸಂಬಳವಿಲ್ಲದೆ ದುಡಿಯುವವರೂ ಇದ್ದಾರೆ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇಂಥವರಿಗೆ 'ಕ್ಯಾಂಪ್‌ಗ್ರೌಂಡ್ ಹೋಸ್ಟ್' ಎಂಬ ಹೆಸರಿದೆ. ತಂಗಲು ಉಚಿತ ಸ್ಥಳ ಪಡೆದು, ಪ್ರತಿಯಾಗಿ ಬಂದವರಿಗೆ ನಿಯಮ ತಿಳಿಸುವುದು, ಆವರಣವನ್ನು ಶುಚಿಯಾಗಿಡುವುದು ಅವರ ಹೊಣೆ. ಅಲ್ಲಿನ ಪೆಸಿಫಿಕ್ ಕರಾವಳಿಗೆ ಸಮೀಪದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ 7,000 ಮಿ.ಮೀ. ಮೀರುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,508 ಮಿ.ಮೀ. ಮಳೆ ದಾಖಲಾಗಿತ್ತು.

ಆಗುಂಬೆಯ ಮಾದರಿ

ಉರಗತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಲ್ಲಿ ಇಲ್ಲಿ ಕಾಳಿಂಗ ಸರ್ಪಗಳ ದೇಹದಲ್ಲಿ ರೇಡಿಯೊ ಸಾಧನ ಅಳವಡಿಸಿ ಅವುಗಳ ಜಾಡು ಹಿಡಿಯುವ ಅಧ್ಯಯನ ಆರಂಭವಾಯಿತು. ಹಾವಿನ ಹಿಂದೆ ದಿನವಿಡೀ ನಡೆದು, ಅದು ಎಲ್ಲಿ ಹೋಯಿತು, ಏನು ತಿಂದಿತು ಎಂಬುದನ್ನು ಬರೆದಿಡುವ ಈ ಕೆಲಸದಲ್ಲಿ ಸ್ಥಳೀಯರೊಡನೆ ಸ್ವಯಂಸೇವಕರೂ ಹೆಜ್ಜೆ ಹಾಕಿದರು. ಹಿಡಿದ ಹಾವನ್ನು ದೂರದ ಕಾಡಿಗೆ ಒಯ್ದು ಬಿಟ್ಟರೆ ಅದು ನೆಲೆ ಕಾಣದೆ ಬಹುದೂರ ಅಲೆಯುತ್ತದೆ ಎಂಬ ಸುಳಿವು ದೊರೆತದ್ದು ಇಂಥ ಜಾಡಿನಿಂದಲೇ. 2024ರಲ್ಲಿ ಪಶ್ಚಿಮ ಘಟ್ಟದ ಈ ಸರ್ಪವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ ವಿಜ್ಞಾನಿಗಳು, ವೈಜ್ಞಾನಿಕ ನಾಮಕ್ಕೆ ಕನ್ನಡದ 'ಕಾಳಿಂಗ' ಪದವನ್ನೇ ಬಳಸಿದರು.

ಎದುರಾಗುವ ಸವಾಲುಗಳು

ಮಳೆಕಾಡಿನ ಶಿಬಿರವಾಸ ಸುಲಭವಲ್ಲ. ಒಗೆದ ಬಟ್ಟೆ ದಿನಗಟ್ಟಲೆ ಒಣಗದು. ವಿದ್ಯುತ್ ಕೈಕೊಡುವುದು ಸಾಮಾನ್ಯ. ಇಂಬಳಗಳ ಕಾಟ ತಪ್ಪಿದ್ದಲ್ಲ. ಅವು ಕಚ್ಚಿದರೆ ರಕ್ತ ಸೋರಿದರೂ ಅಪಾಯ ಕಡಿಮೆ. ನಿಜವಾದ ಎಚ್ಚರಿಕೆ ಬೇಕಾದದ್ದು ಮಳೆ ನಿಂತ ಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ ಹೆಚ್ಚು. ಈ ಅವಧಿಯಲ್ಲಿ ಮೈ ಮುಚ್ಚುವ ಉಡುಪು ಧರಿಸುವುದು, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಅಗತ್ಯ.

ಹಾವುಗಳ ವಿಷಯದಲ್ಲಂತೂ ಸಾಹಸ ಸಲ್ಲದು. ದೇಶದಲ್ಲಿ ಬಳಕೆಯಲ್ಲಿರುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ ಹಾಗೂ ಗರಗಸ ಮಂಡಲಗಳ ವಿಷಕ್ಕಾಗಿ ತಯಾರಿಸಲಾಗುತ್ತದೆ. ಕಾಳಿಂಗ ಆ ಪಟ್ಟಿಯಲ್ಲಿಲ್ಲ. ಅಲ್ಲದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಅದನ್ನು ಹಿಡಿಯುವುದು ಅಪರಾಧ.

ಬೇಡ ಎನ್ನುವ ಕೆಲಸ

ಆದ್ದರಿಂದ ಶಿಬಿರದ ಆತಿಥೇಯರ ಕರ್ತವ್ಯ ಊಟ, ವಸತಿಗೆ ಮುಗಿಯುವುದಿಲ್ಲ. ಕಪ್ಪೆಯನ್ನು ಕೈಗೆತ್ತಿಕೊಳ್ಳುವವರನ್ನು, ಹಾವಿನ ಚಿತ್ರಕ್ಕಾಗಿ ಪೊದೆಗೆ ನುಗ್ಗುವವರನ್ನು, ಪ್ಲಾಸ್ಟಿಕ್ ಎಸೆಯುವವರನ್ನು, ತುಂಬಿದ ಹಳ್ಳಕ್ಕೆ ಇಳಿಯುವವರನ್ನು ವಿನಯದಿಂದಲೇ ತಡೆಯುವುದು ಅವರ ಮುಖ್ಯ ಕೆಲಸ. ಮಾರ್ಚ್‌ನಿಂದ ಮೇವರೆಗಿನ ಸಂತಾನೋತ್ಪತ್ತಿ ಕಾಲದಲ್ಲಿ ಹೆಣ್ಣು ಕಾಳಿಂಗ ತರಗೆಲೆ ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮರಿಗಳು ಹೊರಬರುವ ವೇಳೆಗೆ ಮಳೆಗಾಲ. ತರಗೆಲೆಯ ಆ ರಾಶಿಯನ್ನು ಒಬ್ಬ ಪ್ರವಾಸಿ ಕುತೂಹಲಕ್ಕೆ ಕೆದಕಿದರೂ ಒಂದು ಪೀಳಿಗೆಯೇ ನಷ್ಟವಾಗಬಹುದು.

ಸ್ವಯಂಸೇವೆಗೆ ಹೊರಡುವ ಆಸಕ್ತರು ಶಿಬಿರದ ನಿಯಮ, ಅವಧಿ, ಊಟೋಪಚಾರದ ವೆಚ್ಚವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳಿತು. ಮೀಸಲು ಅರಣ್ಯ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ ಎಂಬುದನ್ನೂ ಮರೆಯುವಂತಿಲ್ಲ.