ಹಾಲು ಮಾರಿ ಬಾಟಲಿ ಕೊಳ್ಳುವ ಮನೆ

ಬೆಳಗ್ಗೆ ಕರೆದ ಹಾಲು ಒಂದು ಲೋಟವೂ ಉಳಿಯದಂತೆ ಕ್ಯಾನಿಗೆ ಹೋಗುತ್ತದೆ. ಸಂಜೆ ಶಾಲೆ ಬಿಟ್ಟು ತೊರಪಳ್ಳಿಯಲ್ಲಿ ಬಸ್ಸಿಳಿದ ಮಗ ರಸ್ತೆಬದಿಯ ಅಂಗಡಿಯಲ್ಲಿ ಬಣ್ಣದ ಬಾಟಲಿಯೊಂದನ್ನು ಕೊಂಡು ಕುಡಿಯುತ್ತಾನೆ. ಮೈಸೂರಿನಿಂದ ಬಂಡೀಪುರ, ಮುದುಮಲೆ ದಾಟಿ ಉದಕಮಂಡಲಕ್ಕೆ ಹೋಗುವ ಪ್ರವಾಸಿಗರಿಗೆಂದು ಅಂಗಡಿಗೆ ಬಂದ ಪಾನೀಯ ಹೀಗೆ ನಮ್ಮ ಮಕ್ಕಳ ಹೊಟ್ಟೆ ಸೇರುತ್ತಿದೆ. ಹಾಲು ಮಾರಿದ ದುಡ್ಡು ಬಾಟಲಿಗೆ ಹೋಯಿತು. ಈ ವ್ಯಾಪಾರದಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಒಕ್ಕಲು ಬಂಧುಗಳು ಲೆಕ್ಕ ಹಾಕಿ ನೋಡಬೇಕೆಂದು ನಮ್ಮ ಬಿನ್ನಹ.

ಲೆಕ್ಕ ಕಠಿಣವಾದುದಲ್ಲ. ಬಾಟಲಿಯ ಚೀಟಿಯನ್ನು ಮಕ್ಕಳ ಕೈಯಲ್ಲೇ ಓದಿಸಿರಿ. ಸಾಮಾನ್ಯ ಕೋಲಾ ಪಾನೀಯದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆಯಿರುತ್ತದೆ. 300 ಮಿಲಿಲೀಟರು ಕುಡಿದರೆ 30 ಗ್ರಾಂ, ಅಂದರೆ ಆರು ಸಣ್ಣ ಚಮಚ. ಅಷ್ಟು ಸಕ್ಕರೆಯನ್ನು ಒಂದು ತಟ್ಟೆಯಲ್ಲಿ ಸುರಿದು ತೋರಿಸಿದರೆ ಸಾಕು, ಬೇರೆ ಉಪದೇಶ ಬೇಕಾಗದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಹೊರಗಿನಿಂದ ಸೇರುವ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಾತಿನ ಸಾರ. ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸವೂ ಕಬ್ಬಿನ ಹಾಲೂ ಈ ವಿಷಯದಲ್ಲಿ ಬಾಟಲಿಗೆ ಹೆಚ್ಚೇನೂ ಹಿಂದಲ್ಲ.

ಮುದ್ದೆ ತಿಂದರೆ ಹೊಟ್ಟೆ ತುಂಬಿತೆಂದು ದೇಹಕ್ಕೆ ತಿಳಿಯುತ್ತದೆ. ಸಿಹಿನೀರು ಕುಡಿದರೆ ಹಾಗೆ ತಿಳಿಯುವುದು ಕಡಿಮೆ. ಹುಡುಗ ಬಾಟಲಿಯನ್ನೂ ಕುಡಿದು ಎಂದಿನ ಊಟವನ್ನೂ ಮಾಡುತ್ತಾನೆ. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಮೈಯಲ್ಲಿ ನಿಲ್ಲುತ್ತದೆ. ತೂಕಕ್ಕೆ ಪಾನೀಯವೊಂದೇ ಕಾರಣವಲ್ಲ. ಕರಿದ ತಿಂಡಿ, ಮೊಬೈಲಿನ ಮುಂದೆ ಕಳೆಯುವ ಹೊತ್ತು, ಆಟವಿಲ್ಲದ ಸಂಜೆ, ಇವೆಲ್ಲವೂ ಕೂಡುತ್ತವೆ. ಆದರೆ ಸುಲಭವಾಗಿ ಬಿಡಬಹುದಾದುದು ಪಾನೀಯವೇ.

ಇದಕ್ಕೊಂದು ನಿದರ್ಶನ ಅಮೆರಿಕದ ಬಾಸ್ಟನ್ ನಗರದ್ದು, 2012ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ, ಸಿಹಿಪಾನೀಯದ ರೂಢಿಯಿದ್ದ 224 ಹದಿಹರೆಯದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ವರ್ಷವಿಡೀ ನೀರನ್ನೂ ಸಕ್ಕರೆಯಿಲ್ಲದ ಪಾನೀಯಗಳನ್ನೂ ತಲುಪಿಸಿದರು. ವರ್ಷದ ಕೊನೆಗೆ ಆ ಗುಂಪಿನವರ ತೂಕದ ಏರಿಕೆ ಸುಮಾರು 2 ಕಿಲೋ ಕಡಿಮೆಯಾಗಿತ್ತು. ತಲುಪಿಸುವುದನ್ನು ನಿಲ್ಲಿಸಿ ಮತ್ತೊಂದು ವರ್ಷ ಕಳೆದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಇದರಿಂದ ನಾವು ಕಲಿಯತಕ್ಕದ್ದು ಇಷ್ಟೆ: ಮನೆಯಲ್ಲಿ ಏನಿರುವುದೋ ಮಕ್ಕಳು ಅದನ್ನೇ ಕುಡಿಯುತ್ತಾರೆ.

ನಮ್ಮದು ಟೀ ಬೆಳೆಯುವ ಸೀಮೆ. ಟೀಯನ್ನು ದೂರುವುದು ನ್ಯಾಯವಲ್ಲ. ಬರೀ ಟೀ ನೀರಿನಲ್ಲಿ ತೂಕ ಹೆಚ್ಚಿಸುವಂಥದು ಏನೂ ಇಲ್ಲ. ಆದರೆ ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಲೋಟವಾದರೆ 50 ಗ್ರಾಂ ಆಯಿತು. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೂ ಟೀಗೂ ಒಂದು ಗಂಟೆಯ ಅಂತರವಿರಲಿ.

ನಮ್ಮ ಮಗು ಸಣಕಲು, ಈ ಮಾತು ನಮಗಲ್ಲ ಎಂದು ಯಾರೂ ತಿಳಿಯಬಾರದು. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನವರ ಪೈಕಿ ನೂರಕ್ಕೆ 24 ಮಂದಿ ತೀರ ತೆಳ್ಳಗಿದ್ದರು, 5 ಮಂದಿಗೆ ತೂಕ ಹೆಚ್ಚಿತ್ತು, 28 ಮಂದಿಗೆ ರಕ್ತಹೀನತೆಯಿತ್ತು. ಸಿಹಿನೀರಿನಲ್ಲಿ ಸಕ್ಕರೆಯ ಹೊರತು ಮೈ ಕಟ್ಟುವ ಸತ್ವವಿಲ್ಲ. ದಪ್ಪಗಿರುವವನಿಗೂ ತೆಳ್ಳಗಿರುವವಳಿಗೂ ಅದು ಸಮನಾಗಿಯೇ ಬೇಡದ ವಸ್ತು. ‘ಎನರ್ಜಿ ಡ್ರಿಂಕ್’ ಎಂಬ ಡಬ್ಬಿಗಳಂತೂ ಮಕ್ಕಳಿಗೆ ಸಲ್ಲವೆಂದು ಅವುಗಳ ಚೀಟಿಯ ಮೇಲೆಯೇ ಬರೆದಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕ್ಯಾನಿಗೆ ಸುರಿಯುವ ಮುನ್ನ ಮಗುವೊಂದಕ್ಕೆ ಎರಡು ಲೋಟದಂತೆ ಹಾಲು ಎತ್ತಿಡಿರಿ. ಒಂದು ಲೋಟ ಹಾಲಾಗಿ, ಇನ್ನೊಂದು ಹೆಪ್ಪು ಹಾಕಿ ಮಜ್ಜಿಗೆಯಾಗಿ ಹೊಟ್ಟೆ ಸೇರಲಿ. ಶುಂಠಿ, ಕರಿಬೇವು ನಮ್ಮ ಹಿತ್ತಲಲ್ಲೇ ಇವೆ. ರಾಗಿ ಅಂಬಲಿ ಸಂಜೆಯ ಹಸಿವಿಗೆ ಒಳ್ಳೆಯದು. ಬಾಯಾರಿಕೆಗೆ ಮಾತ್ರ ನೀರೇ ನೀರು. ಕಾಯಿಸಿ ಆರಿಸಿದ ಜೀರಿಗೆ ನೀರಾದರೂ ಸರಿ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂದಿತು. ಮನೆಯಲ್ಲಿ ಆ ಗಂಟೆಯನ್ನು ತಾಯಿತಂದೆಯರೇ ಬಾರಿಸಬೇಕು. ಟೀಯ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಗೆ ತಾನೇ ಒಗ್ಗಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಮಾತು. ದಪ್ಪಗಿರುವ ಮಗುವನ್ನು ನಾಲ್ಕು ಜನರೆದುರು ಹಂಗಿಸಬೇಡಿರಿ, ಊಟ ಕಡಿಮೆ ಮಾಡಿ ಹಸಿದಿರಿಸಬೇಡಿರಿ. ಅದು ಬೆಳೆಯುವ ಪ್ರಾಯ. ಹಿರಿಯರು ಬಾಟಲಿ ಬಿಟ್ಟರೆ ಕಿರಿಯರು ಬಿಡುತ್ತಾರೆ. ಕರುವಿಗೆ ಒಂದು ಮೊಲೆ ಬಿಟ್ಟು ಕರೆಯುವ ಒಕ್ಕಲಿಗನಿಗೆ, ತನ್ನ ಮಕ್ಕಳಿಗೆ ಎರಡು ಲೋಟ ಉಳಿಸಿ ಮಾರುವುದು ದೊಡ್ಡ ಮಾತಲ್ಲ.