ಕಲ್ಲಿನ ಕೈಯಲ್ಲಿ ಮುಸುಕಿನ ಜೋಳ?

ಅರಸೀಕೆರೆಯಲ್ಲಿ ರೈಲಿಳಿದು ಜಾವಗಲ್ ದಾರಿಯಾಗಿ ಹಳೇಬೀಡಿಗೆ ಹೊರಟರೆ ತೆಂಗಿನ ತೋಟಗಳ ಆಚೀಚೆ ಮುಸುಕಿನ ಜೋಳದ ಹೊಲಗಳು ಸಿಗುತ್ತವೆ. ದಾರಿಯಲ್ಲಿ ಕಂಡ ತೆನೆಯೇ ಗುಡಿಯ ಗೋಡೆಯ ಶಿಲ್ಪವೊಂದರ ಕೈಯಲ್ಲೂ ಇದ್ದಂತೆ ತೋರಬಹುದು: ದಪ್ಪ ಬುಡ, ಸಣ್ಣಗಾದ ತುದಿ, ಮೈತುಂಬ ಸಾಲುಗಟ್ಟಿದ ಮಣಿಗಳು.

ತೊಡಕಿರುವುದು ಕಾಲದಲ್ಲಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಮುಸುಕಿನ ಜೋಳದ ತವರು ಮೆಕ್ಸಿಕೊ. ಕೊಲಂಬಸ್ ಅಟ್ಲಾಂಟಿಕ್ ದಾಟಿದ್ದು 1492ರಲ್ಲಿ.

ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಭೂಗೋಳ ತಜ್ಞ ಕಾರ್ಲ್ ಯೊಹಾನೆಸನ್ ಈ ತೊಡಕನ್ನೇ ಬೆನ್ನುಹತ್ತಿದರು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ, ಕೊಲಂಬಸ್‌ಗಿಂತ ಮೊದಲೇ ಅದು ಸಮುದ್ರ ದಾಟಿ ಬಂದಿತ್ತು ಎಂದು ಅವರು ಆನ್ ಪಾರ್ಕರ್ ಜೊತೆ 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಬರೆದರು. ತೆನೆಯ ಆಕಾರ, ಕಾಳುಗಳ ಜೋಡಣೆ ಅವರ ಸಾಕ್ಷಿ.

ಅಂಥ ಸಾಕ್ಷಿ ಒದಗಿಸುವಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಉಗುರಿನಿಂದ ಗೀರಬಹುದಾದ ಟಾಲ್ಕ್ ಖನಿಜ ಅದರಲ್ಲಿರುವುದರಿಂದ ಗ್ರಾನೈಟಿನಲ್ಲಿ ಮೂಡಿಸಲಾಗದ ನವಿರು ಅದರಲ್ಲಿ ಮೂಡುತ್ತದೆ. ಆದರೆ ಅಷ್ಟು ನವಿರಾಗಿ ಕೆತ್ತಬಲ್ಲ ಕೈ, ಕಂಡದ್ದನ್ನು ಕೆತ್ತಿದಷ್ಟೇ ಸಲೀಸಾಗಿ ಕಲ್ಪಿಸಿದ್ದನ್ನೂ ಕೆತ್ತುತ್ತದೆ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚನ್ 1993ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಹೊಯ್ಸಳರದೇ ಆದ ಸೋಮನಾಥಪುರದ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು ‘ಮುಕ್ತಾಫಲ’ ಎಂಬುದು ಅವರ ವಾದ. ಹೆಚ್ಚಿನ ಸಸ್ಯವಿಜ್ಞಾನಿಗಳು ಇಂದಿಗೂ ಯೊಹಾನೆಸನ್‌ರ ಮಾತನ್ನು ಒಪ್ಪಿಲ್ಲ. ಮೊಬೈಲುಗಳಲ್ಲಿ ಮಾತ್ರ ಅದು ಸಾಬೀತಾದ ಸತ್ಯವೆಂಬಂತೆ ಹರಿದಾಡುತ್ತಿರುವುದು ಬೇಸರದ ಸಂಗತಿ.

ಒಂದು ಪರೀಕ್ಷೆಯನ್ನು ಯಾರಾದರೂ ಮನೆಯಲ್ಲೇ ಮಾಡಬಹುದು. ತೆನೆಯ ಸುತ್ತ ಕಾಳಿನ ಸಾಲುಗಳನ್ನು ಎಣಿಸಿ. ಸಾಮಾನ್ಯವಾಗಿ 12, 14, 16 ಎಂದು ಸರಿಸಂಖ್ಯೆಯೇ ಬರುತ್ತದೆ. ಹೂಗಳು ಜೋಡಿಯಾಗಿ ಹುಟ್ಟುವುದೇ ಕಾರಣ. ಗೋಡೆಯ ಶಿಲ್ಪದಲ್ಲಿ ಈ ಲೆಕ್ಕ ನಡೆಯದು, ಹಿಂಬದಿ ಕಲ್ಲಿಗೇ ಅಂಟಿಕೊಂಡಿರುತ್ತದೆ.

ಇನ್ನೂ ದೊಡ್ಡ ಸುಳಿವು ಗಿಡದ ಸ್ವಭಾವದಲ್ಲೇ ಇದೆ. ಸುಮಾರು 9,000 ವರ್ಷಗಳ ಹಿಂದೆ ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಪಡೆದ ಈ ಬೆಳೆಗೆ ತಾನಾಗಿ ಬೀಜ ಉದುರಿಸಲು ಬರುವುದಿಲ್ಲ. ಮುಸುಕು ಸುಲಿದು, ಕಾಳು ಬಿಡಿಸಿ, ಮನುಷ್ಯರೇ ಬಿತ್ತಬೇಕು. ಅದು ಹೊಯ್ಸಳ ನಾಡಿನಲ್ಲಿದ್ದರೆ ಗೋಡೆಗಿಂತ ಮೊದಲು ಹೊಲದಲ್ಲಿರಬೇಕಿತ್ತು, ಜನರ ಬಾಯಲ್ಲೂ ಇರಬೇಕಿತ್ತು.

ಕನ್ನಡದಲ್ಲಿ ಅದಕ್ಕೆ ಸ್ವತಂತ್ರ ಹೆಸರೇ ಇಲ್ಲ. ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ, ಎಲ್ಲವೂ ಮೊದಲೇ ಇದ್ದ ಜೋಳಕ್ಕೆ ಅಂಟಿಸಿದ ವಿಶೇಷಣಗಳು. ಅಮೆರಿಕದಿಂದಲೇ ಬಂದ ಮೆಣಸಿನಕಾಯಿಯೂ ಹೀಗೆಯೇ ಮೆಣಸಿನ ಹೆಸರನ್ನು ಹೊತ್ತು ಅಡುಗೆಮನೆ ಸೇರಿತು.

ಆದರೂ ಯೊಹಾನೆಸನ್‌ರ ಪ್ರಶ್ನೆ ಹುರುಳಿಲ್ಲದ್ದಲ್ಲ. ಹಳೇಬೀಡಿನ ಸುತ್ತ ಹೊಯ್ಸಳ ಕಾಲದ ಮಣ್ಣಿನ ಪದರದಲ್ಲಿ, ಯಾವುದೋ ಒಲೆಯ ಬೂದಿಯ ನಡುವೆ, ಕರಕಲಾದ ಒಂದೇ ಒಂದು ಕಾಳು ಸಿಕ್ಕಿ ಅದರ ವಯಸ್ಸು ಖಚಿತವಾದರೂ ಸಾಕು, ಪಾಯಕ್ ಮತ್ತು ಸಚನ್ ಮುಚ್ಚಿದ ಕಡತವನ್ನು ಮತ್ತೆ ಬಿಚ್ಚಬೇಕಾಗುತ್ತದೆ.